ಎದೆಗೆ ಬಂದ ಬೆನ್ನು

ಗಾಯದ ನೀರು ಬಸಿಯುವ ಡ್ರೈನ್ ಪೈಪು ತೆಗೆದು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಹೊಸತು. ಸರಸ್ವತಿ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬೆನ್ನ ಮೇಲೆ ಯಾರೋ ಬೆರಳಿಟ್ಟರು. ಬಲಗಡೆ, ರೆಕ್ಕೆ ಮೂಳೆಗಿಂತ ಸ್ವಲ್ಪ ಕೆಳಗೆ. ಒತ್ತಲಿಲ್ಲ, ಚುಚ್ಚಲಿಲ್ಲ, ಸುಮ್ಮನೆ ಇಟ್ಟರು. ಅತ್ತೆ ಇರಬೇಕೆಂದುಕೊಂಡು "ಏನತ್ತೆ?" ಎಂದು ತಿರುಗಿದೆ. ಹಿಂದೆ ಗೋಡೆ. ನಾನು ಗೋಡೆಗೆ ದಿಂಬು ಒರಗಿಸಿಯೇ ಕೂತಿದ್ದೆ. ಅಲ್ಲಿ ಒಬ್ಬರು ನಿಲ್ಲುವುದಿರಲಿ, ಬೆಕ್ಕು ನುಸುಳಲೂ ಜಾಗ ಇರಲಿಲ್ಲ.

ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಹೇಳಿದೆ. ಅವರು ನನ್ನ ಹಿಂದಿನ ಗೋಡೆಯನ್ನೇ ನೋಡುತ್ತ, "ಗಾಳಿ ಸೋಕೈತೆ ನಿಂಗೆ. ಆಸ್ಪತ್ರೆಯೊಳಗೆ ಎಷ್ಟು ಜೀವ ಹೋಗಿರ್ತಾವೋ ಏನೋ, ಯಾವುದೋ ನಿನ್ನ ಬೆನ್ನು ಹತ್ತಿ ಬಂದೈತೆ" ಅಂದರು.

"ಹತ್ತೋಕೆ ಬೆನ್ನು ಅಲ್ಲೆಲ್ಲೈತೆ ಅತ್ತೆ? ಅದು ಮುಂದಕ್ಕೆ ಬಂದೈತಲ್ಲ."

ನಗಿಸಲು ಹೇಳಿದ್ದು, ನಾವಿಬ್ಬರೂ ನಗಲಿಲ್ಲ. ಯಾಕೆಂದರೆ ಅದು ನಿಜ. ಕ್ಯಾನ್ಸರ್ ಗಂಟು ಬಂದು ಬಲ ಮೊಲೆ ತೆಗೆದಿದ್ದರು. ಕೀಮೋ ಔಷಧಿ, ರೇಡಿಯೇಷನ್ನಿನ ಕರೆಂಟು ಎಲ್ಲ ಮುಗಿದು ಕೂದಲು ಮತ್ತೆ ಬಂದ ಮೇಲೆ ಈ ಎರಡನೇ ಆಪರೇಷನ್. ಬೆನ್ನಿನ ಅಗಲವಾದ ಮಾಂಸಖಂಡವನ್ನು ಅದರ ಮೇಲಿನ ಚರ್ಮದ ಸಮೇತ ಬಿಡಿಸಿ, ಬೇರು ಕೀಳದೆ, ರಕ್ತನಾಳ ನರ ಎರಡನ್ನೂ ಹಾಗೆಯೇ ಇಟ್ಟು, ಕಂಕುಳ ಕೆಳಗಿಂದ ತೂರಿಸಿ ಮುಂದೆ ತಂದು ಮೊಲೆಯ ಆಕಾರ ಕೊಟ್ಟು ಹೊಲಿದಿದ್ದರು. ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಪಕ್ಕದ ಮಡಿಗೆ ಇಟ್ಟ ಹಾಗೆ.

ಯಾಕೆ ಮಾಡಿಸಿಕೊಂಡೆ ಎಂದು ತುಂಬ ಜನ ಕೇಳಿದ್ದಾರೆ. ಈ ವಯಸ್ಸಿಗೆ ಬೇಕಿತ್ತಾ ಎಂಬ ಧಾಟಿಯಲ್ಲಿ. ನಾನು ಎಮ್ಮೆ ವ್ಯಾಪಾರದವಳು. ಹರಿಹರದ ಕಡೆ ಸಂತೆಯಲ್ಲಿ ಕರಾವಿನ ಎಮ್ಮೆ ಕೊಂಡು, ಬಾತಿ ಊರಿನ ನಮ್ಮ ಕೊಟ್ಟಿಗೆಯಲ್ಲಿ ಕೆಲವು ದಿನ ಕಟ್ಟಿ, ಬೆಣ್ಣೆ ತೆಗೆಯುವವರಿಗೆ ಮಾರುತ್ತೇನೆ. ಕೊಳ್ಳುವ ಮುಂಚೆ ಎಮ್ಮೆಯ ಕೆಳಗೆ ಬಗ್ಗಿ ಕೆಚ್ಚಲು ಹಿಡಿದು ನೋಡಬೇಕು. ಹಾಗೆ ಬಗ್ಗಿದಾಗ ಒಮ್ಮೆ ರವಿಕೆಯೊಳಗೆ ತುಂಬಿಕೊಂಡಿದ್ದ ಬಟ್ಟೆಯ ಉಂಡೆ ಜಾರಿ ಸಗಣಿಯ ಮೇಲೆ ಬಿತ್ತು. ಸಂತೆಯ ಗಂಡಸರು ಯಾರೂ ನಗಲಿಲ್ಲ, ಎಲ್ಲರೂ ಒಟ್ಟಿಗೆ ಬೇರೆ ಕಡೆ ನೋಡಿದರು. ನಕ್ಕಿದ್ದರೆ ಬೈದು ಬರುತ್ತಿದ್ದೆ. ಅವರು ಆ ಕಡೆ ತಿರುಗಿದರಲ್ಲ, ಅದಕ್ಕೆ ಡಾಕ್ಟರ ಹತ್ತಿರ ಹೋದೆ.

ಇಂಥ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೋವಿಗೆ ಗುಳಿಗೆ ಇದೆ. ವಿಚಿತ್ರಕ್ಕೆ ಗುಳಿಗೆ ಇಲ್ಲ, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಂಡಿರಿ. ಬೆನ್ನಿನಲ್ಲಿ ಮಾಂಸ ತೆಗೆದ ಜಾಗ ಟೊಳ್ಳಲ್ಲವೇ, ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಹೊರಳಿದರೆ ಒಳಗೆ ಅರ್ಧ ತುಂಬಿದ ಕೊಡ ಕಲಕಿದ ಸದ್ದು. ನನಗೊಬ್ಬಳಿಗೇ ಅಲ್ಲ, ಪಕ್ಕದಲ್ಲಿದ್ದ ನಮ್ಮ ಮನೆಯವರಿಗೂ ಕೇಳಿಸಿತು. ಅವರು ಎದ್ದು ಹೋಗಿ ಬಚ್ಚಲ ನಲ್ಲಿ ನೋಡಿ ಬಂದರು! ಆಮೇಲೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ದಪ್ಪ ಸಿರಿಂಜಿನಲ್ಲಿ ಆ ನೀರು ಎಳೆಸಿಕೊಳ್ಳುವುದಾಯಿತು. ಹಳದಿ ಬಣ್ಣ, ಕುದಿಸಿಟ್ಟ ಬೇಳೆಕಟ್ಟಿನ ಹಾಗೆ. ತಾನಾಗಿ ಇಂಗುತ್ತದೆ ಎಂದು ಕಾಯಬೇಡಿ, ಹೋಗಿ ತೆಗೆಸಿ.

ಡ್ರೆಸಿಂಗ್ ಬದಲಿಸುವುದು ಮನೆಯವರ ಕೆಲಸ. ನಾನು ನೋಡುತ್ತಿರಲಿಲ್ಲ. ಬೀರುವಿನ ಕನ್ನಡಿಗೆ ಹಳೇ ಸೀರೆ ಇಳಿಬಿಟ್ಟಿದ್ದೆ. ಒಂದು ಬೆಳಗ್ಗೆ ಹತ್ತಿ ಹಿಡಿದ ಅವರ ಕೈ ನಿಂತಿತು.

"ಲೇ, ಇದು ಇಲ್ಲಿಗೆ ಬಂದೈತೆ."

"ಏನ್ರೀ?" ಕೀವೇನೋ ಎಂದುಕೊಂಡೆ.

"ನಿನ್ನ ಮಚ್ಚೆ. ಬೆನ್ನ ಮ್ಯಾಲಿತ್ತಲ್ಲ."

ನನ್ನ ಬೆನ್ನ ಮೇಲೆ ಮಚ್ಚೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದೆ. ಹೊಲಿದ ಚರ್ಮದ ನಡುವೆ, ಮೊಲೆತೊಟ್ಟು ಇರಬೇಕಾದ ಜಾಗದಿಂದ ಸ್ವಲ್ಪ ಪಕ್ಕಕ್ಕೆ, ಉದ್ದಿನ ಕಾಳಿನಷ್ಟು ಕಪ್ಪು. ಹುಟ್ಟಿದಾಗಿನಿಂದ ಹಿಂದೆ ಇದ್ದು ಬೇರೆಯವರಿಗೆಲ್ಲ ಕಂಡದ್ದು, ಈಗ ಎದುರಿಗೆ ಬಂದು ನನ್ನನ್ನೇ ನೋಡುತ್ತಿತ್ತು. ದನ ಕೊಳ್ಳುವಾಗ ನಾವು ಮೈಮೇಲಿನ ಕೂದಲ ಸುಳಿ ನೋಡುತ್ತೇವೆ. ಸುಳಿ ಜಾಗ ತಪ್ಪಿದ್ದರೆ ಎಂಥ ದನವಾದರೂ ಹಗ್ಗ ಬಿಟ್ಟು ಬರುತ್ತೇವೆ.

"ಸುಳಿ ತಪ್ಪಿದ ದನ ಆದೆ ನೋಡ್ರಿ. ಹೊಡಕೊಂಡು ಹೋಗಿ ವಾಪಸ್ ಕೊಟ್ಟು ಬರ್ತೀರೇನು?" ಅಂದೆ.

"ಅವತ್ತೇ ಹಲ್ಲು ನೋಡದೆ ಕಟ್ಕೊಂಡು ಬಂದೀನಿ. ಈಗ ಯಾರು ತಗಂತಾರೆ, ಸುಮ್ಮನಿರು" ಎಂದು ಪ್ಲಾಸ್ಟರ್ ಅಂಟಿಸಿದರು. ಅಂಟಿಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವರ ಕೈ ಅಲ್ಲಿತ್ತು. ನನಗೆ ಆ ಕೈ ಗೊತ್ತಾದದ್ದು ಬೆನ್ನಿನಲ್ಲಿ.

ಗಾಯ ಮಾಯ್ದಂತೆ ಎದೆ ಬಿಗಿಯತೊಡಗಿತು. ಹಸಿ ತೊಗಲು ಒಣಗಿದಂತೆ ಎಳೆತ. ಇಲ್ಲೇ ನೋಡಿ ನಾವು ಎಡವಿದ್ದು. ಎಮ್ಮೆಗೆ ಕೆಚ್ಚಲು ಬಾವು ಬಂದು ಗಟ್ಟಿಯಾದರೆ ನಮ್ಮ ಕೊಟ್ಟಿಗೆಯಲ್ಲಿ ಕಲ್ಲುಪ್ಪು ಹುರಿದು ಗಂಟು ಕಟ್ಟಿ ಕಾವು ಕೊಡುತ್ತೇವೆ. ಬಿಸಿ ಹೆಚ್ಚಾದರೆ ಎಮ್ಮೆ ಒದೆಯುತ್ತದೆ, ಅದೇ ಅಳತೆ. ಅತ್ತೆ ಹೆಂಚಿನ ಮೇಲೆ ಉಪ್ಪು ಹುರಿದು ತಂದರು. ಗಂಟು ಎದೆಗೆ ಇಟ್ಟುಕೊಂಡೆ. ಏನೂ ಗೊತ್ತಾಗಲಿಲ್ಲ.

"ಆರಿರಬೇಕು ಅತ್ತೆ, ಇನ್ನೊಂದು ಸ್ವಲ್ಪ ಬಿಸಿ ಮಾಡ್ರಿ."

ಮತ್ತೆ ಬಿಸಿ ಮಾಡಿ ತಂದರು. ಒತ್ತಿ ಹಿಡಿದೆ. ಬೆನ್ನಿನಲ್ಲಿ ಯಾರೋ ಅಂಗೈ ಊರಿದ ಭಾರ, ಅಷ್ಟೇ. ಹಿತವಾಗಿಯೇ ಇತ್ತು. ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಒಲೆಯ ಮೇಲೆ ಏನೋ ಹತ್ತಿಕೊಂಡಿದೆ ಎಂದುಕೊಂಡು, "ಅತ್ತೆ, ಒಲೆ ನೋಡ್ರಿ" ಅಂದೆ. ಅತ್ತೆ ಒಳಗೆ ಹೋಗಿ ಒಲೆ ಆರಿದೆ ಎಂದು ಹೇಳಲು ಬಂದವರು ಬಾಗಿಲಲ್ಲೇ ನಿಂತು ಚೀರಿದರು. ಗಂಟು ಎತ್ತಿದೆ. ಕೆಳಗೆ ಎಣ್ಣೆಯಲ್ಲಿ ಎದ್ದ ಹಪ್ಪಳದಂತೆ ಗುಳ್ಳೆ. ಕಣ್ಣೆದುರಿಗೆ ಸುಟ್ಟಿದೆ, ಸುಟ್ಟಿದ್ದು ನನ್ನದು, ನೋವು ಮಾತ್ರ ಯಾರದೂ ಅಲ್ಲ. ಆ ಹೊತ್ತು ಪಟ್ಟಷ್ಟು ಭಯ ಕ್ಯಾನ್ಸರ್ ಗಂಟು ಸಿಕ್ಕ ದಿನವೂ ಪಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈಯಲಿಲ್ಲ, ಅದೇ ದೊಡ್ಡದು. ಸುಟ್ಟ ಚರ್ಮ ಬಿಡಿಸಿ ಮುಲಾಮು ಹಚ್ಚಿ, "ಕಣ್ಣು ಮುಚ್ಚಿಕೊಳ್ಳಿ. ಎಲ್ಲಿ ಒತ್ತುತ್ತಾ ಇದೀನಿ ಹೇಳಿ" ಅಂದರು.

"ಬೆನ್ನ ಮ್ಯಾಲೆ ಮೇಡಂ."

"ಕಣ್ಣು ಬಿಡಿ."

ಅವರ ಪೆನ್ನಿನ ತುದಿ ಎದೆಯ ಮೇಲಿತ್ತು. ಮೇಲಿನ ಚರ್ಮಕ್ಕೆ ಬಿಸಿ ತಣ್ಣಗೆ ತಿಳಿಯದು, ಆದರೆ ಒಳಗಿನ ಮಾಂಸಕ್ಕೆ ಭಾರ ತಿಳಿಯುತ್ತದೆ. ತಿಳಿದದ್ದನ್ನು ಅದು ಹಳೇ ವಿಳಾಸದಿಂದಲೇ ಮೆದುಳಿಗೆ ಹೇಳುತ್ತದೆ ಎಂದರು. ಅವತ್ತು ಅವರೆಕಾಯಿ ಸುಲಿಯಲು ಬಗ್ಗಿದಾಗ ತಾಳಿಯ ಗುಂಡು ಎದೆಗೆ ತಾಗಿತ್ತು. ಬೆನ್ನ ಮೇಲೆ ಬೆರಳಿಟ್ಟದ್ದು ಆ ಗುಂಡೇ. ಗಾಳಿ ಬಿಡಿಸಲೆಂದು ಅತ್ತೆ ನಿವಾಳಿಸಿ ಒಗೆದ ನಿಂಬೆಹಣ್ಣು ದಂಡ.

ಕಾರಣ ತಿಳಿಯಿತು, ಹೆದರಿಕೆ ಹೋಗಲಿಲ್ಲ. ಹೆಸರು ಗೊತ್ತಾದ ಮಾತ್ರಕ್ಕೆ ದೆವ್ವ ಮನೆ ಖಾಲಿ ಮಾಡುತ್ತದೆಯೇ? ಇಂಥ ಆಪರೇಷನ್ ಆದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಹೇಳುತ್ತೇನೆ, ಹೊಲಿದು ತಂದ ಚರ್ಮಕ್ಕೆ ಬಿಸಿನೀರ ಚೀಲ, ಉಪ್ಪಿನ ಕಾವು, ಮಂಜುಗಡ್ಡೆ ಯಾವುದೂ ಬೇಡ. ಬಿಸಿಲಲ್ಲಿ ನಿಲ್ಲುವಾಗಲೂ ಸೆರಗು ಹೊದ್ದುಕೊಳ್ಳಿ. ಒದೆಯುವ ಎಮ್ಮೆ ಅಲ್ಲಿಲ್ಲ.

ಸುಟ್ಟದ್ದು ಮಾಯ್ದ ಮೇಲೆ ಬಾತಿಯ ಕೊಟ್ಟಿಗೆಗೆ ಹೋದೆ. ಕೈಗೆ ಅಭ್ಯಾಸವಾಗಲಿ ಎಂದು ಒಂದು ಸಾಧು ಎಮ್ಮೆಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಕರೆಯಲು ಹಿಡಿದೆ. ಬಲಗೈ ಎಳೆಯಿತು, ಹಾಲು ಚೊಂಬಿಗೆ ಚುರ್ ಎಂದಿತು, ರವಿಕೆಯೊಳಗೆ ಆ ಹೊಸ ಮೊಲೆ ಹಾರಿತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ಹಾರಿತು. ನಿಲ್ಲಿಸಿದೆ, ನಿಂತಿತು. ತೋಳನ್ನು ಮೈ ಕಡೆಗೆ ಎಳೆಯುವುದು ಆ ಬೆನ್ನಿನ ಮಾಂಸದ ಕೆಲಸವಂತೆ. ಅದನ್ನು ಎದೆಯಲ್ಲಿ ಇಟ್ಟರೂ ಅದು ತನ್ನ ಕೆಲಸ ಬಿಟ್ಟಿರಲಿಲ್ಲ. ಕೆಚ್ಚಲಿನ ತೊಟ್ಟಿಗೂ ನನ್ನ ಎದೆಗೂ ನಡುವೆ ಕಾಣದ ದಾರ ಕಟ್ಟಿದಂತೆ ಇಬ್ಬರೂ ಒಂದೇ ತಾಳಕ್ಕೆ ಆಡುತ್ತಿದ್ದೆವು. ಎಮ್ಮೆ ಕತ್ತು ಹೊರಳಿಸಿ ನನ್ನನ್ನು ನೋಡಿತು. ಚೊಂಬು ತುಂಬುವ ಮೊದಲೇ ಎದ್ದುಬಿಟ್ಟೆ.

ಸಂತೆಗೆ ಹೋಗದೆ ಇರಲಾಗುತ್ತದೆಯೇ? ಹೋದೆ.

ನಮ್ಮಲ್ಲಿ ಎಮ್ಮೆಯ ಬೆಲೆ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದು ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ, ಒಂದು ಟವೆಲ್. ಹೆಂಗಸಿನ ಕೈ ಹಿಡಿಯುವುದು ಹೆಂಗೆ ಎಂದು ಮೊದಮೊದಲು ಹಿಂಜರಿದ ಗಂಡಸರಿಗೆ ನಾನೇ ಟವೆಲ್ ಬಿಡಿಸಿ, "ಎಮ್ಮೆ ಕೊಡೋರು ಕೈ ಕೊಡ್ರಿ, ಇಲ್ಲದೋರು ದಾರಿ ಬಿಡ್ರಿ" ಎಂದು ಈ ಕೆಲಸ ಹಿಡಿದವಳು. ಇದರಲ್ಲಿ ಗುಟ್ಟೇನೆಂದರೆ ಕೈ ಕಿತ್ತುಕೊಳ್ಳುವುದು. ನಿಜವಾಗಿ ಒಲ್ಲೆ ಎಂದರೆ ಕೈ ಭುಜದಿಂದ ಬರುತ್ತದೆ. ಬೆದರಿಸಲು ಕಿತ್ತುಕೊಂಡರೆ ಮಣಿಕಟ್ಟಿನಿಂದ. ಟವೆಲ್ಲಿನೊಳಗೆ ಎರಡೂ ಒಂದೇ ಥರ ಅನ್ನಿಸುವಂತೆ ಮಾಡುವುದೇ ವಿದ್ಯೆ.

ಅವತ್ತು ಎದುರಿಗಿದ್ದವರು ಹರಿಹರದ ಕಡೆಯ ಹಳೇ ದಲ್ಲಾಳಿ. ಎಲ್ಲರಿಗೂ ಅವರು ಯಜಮಾನರು. ಎಲೆ ಅಡಿಕೆ ಮೆಲ್ಲುತ್ತ, ಹೊಳೆಯ ಕಡೆ ದೃಷ್ಟಿ ನೆಟ್ಟು ಬೆರಳಲ್ಲೇ ಮಾತಾಡುವ ಮನುಷ್ಯ. ಅವತ್ತು ಅವರ ಕಣ್ಣು ಹೊಳೆಯ ಕಡೆ ಇರಲಿಲ್ಲ. ನಾನು ಕೈ ಕಿತ್ತುಕೊಂಡೆ, ಮಣಿಕಟ್ಟಿನಿಂದ. ಅವರು ಬಿಡಲಿಲ್ಲ, ಬೆಲೆ ಇಳಿಸಲೂ ಇಲ್ಲ. ಮತ್ತೆ ಕಿತ್ತುಕೊಂಡೆ. ನನ್ನ ಸೆರಗನ್ನೇ ನೋಡುತ್ತ ನಿಂತರು. ನನಗೆ ಮೈ ಉರಿಯಿತು.

"ಯಜಮಾನ್ರೇ, ಕಣ್ಣು ಎಮ್ಮೆ ಮ್ಯಾಲೆ ಇರ್ಲಿ!"

"ತಪ್ಪು ತಿಳಿಬ್ಯಾಡ ತಂಗಿ." ಉಗುಳಿ, ಬಾಯಿ ಒರೆಸಿಕೊಂಡು, ಯಾರಿಗೂ ಕೇಳಿಸದಂತೆ ಅಂದರು. "ಆಗಲೇ ಆ ಬಡಕಲು ಎಮ್ಮೆ ಬ್ಯಾಡ ಅಂದೆಲ್ಲ, ಆವಾಗ ನಿನ್ನ ಸೆರಗು ಹಾರ್ತು. ಇದಕ್ಕೆ ಬ್ಯಾಡ ಬ್ಯಾಡ ಅಂತಿದಿ, ಸೆರಗು ಸುಮ್ನೆ ಐತೆ. ಕೈ ಸುಳ್ಳು ಹೇಳ್ತೈತೆ, ಅದು ನಿಜ ಹೇಳ್ತೈತೆ. ನಾನೇನು ಮಾಡ್ಲಿ, ಕಾಣ್ತೈತೆ."

ಅವರು ಹಿಡಿದ ಬೆರಳಿಗೇ ಎಮ್ಮೆ ತಗೊಂಡು ಬಂದೆ. ದಾರಿಯುದ್ದಕ್ಕೂ ಲಗೇಜ್ ಗಾಡಿಯಲ್ಲಿ ಸೆರಗು ಬಿಗಿಯಾಗಿ ಸುತ್ತಿಕೊಂಡು ಕೂತೆ. ಟವೆಲ್ ಕೆಳಗೆ ಸುಳ್ಳು ಹೇಳಲಾರದ ವ್ಯಾಪಾರದವಳು ವ್ಯಾಪಾರದವಳೇ ಅಲ್ಲ. ಇವತ್ತು ಒಬ್ಬರಿಗೆ ಕಂಡದ್ದು ನಾಳೆ ಇಡೀ ಸಂತೆಗೆ ಕಾಣುತ್ತದೆ. ನನ್ನ ಮೈಯೊಳಗೆ ಎದುರು ಪಾರ್ಟಿಯ ಮನುಷ್ಯ ಕೂತಿದ್ದ.

ನಡೆದದ್ದು ಕೇಳಿ ಮನೆಯವರು ಬಹಳ ನಿಧಾನಕ್ಕೆ, ಬೇರೆ ಏನೋ ಹೇಳುವವರಂತೆ, "ಮುಂದಿನ ಸಂತೆಗೆ ತಮ್ಮ ಹೋಗ್ಲಿ ಬಿಡು" ಅಂದರು. ನನ್ನ ಮೈದುನ. ಒಳ್ಳೆಯ ಹುಡುಗ, ಕೆಚ್ಚಲಿನ ಬಾವಿಗೂ ತುಂಬಿದ ಹಾಲಿಗೂ ವ್ಯತ್ಯಾಸ ತಿಳಿಯದು. ಒಂದು ಸಂತೆ ಅವನು ಹೋದರೆ ಎರಡನೆಯದಕ್ಕೂ ಅವನೇ. ಮೂರನೆಯದಕ್ಕೆ ಜನ ನನ್ನನ್ನು, "ಮೈಯಾಗೆ ಹುಷಾರೈತೇನಕ್ಕಾ?" ಎಂದು ಕೇಳಿ ಚಾ ಕೊಟ್ಟು ಕೂರಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಡಾಕ್ಟರಮ್ಮನ ಹತ್ತಿರ ಹೋದೆ. ವ್ಯಾಪಾರದವಳ ಹಾಗೆಯೇ ಕೇಳಿದೆ. "ಇದು ಹಾರೋದು ನಿಲ್ಲಬೇಕು ಮೇಡಂ. ದಾರಿ ಐತಾ?"

"ಇದೆ. ಆ ಮಾಂಸಕ್ಕೆ ಹೋಗೋ ನರ ಒಂದನ್ನು ಕಡಿದರೆ ಆಯಿತು. ಸಣ್ಣ ಆಪರೇಷನ್."

"ಕಡಿದ್ರೆ ಏನು ಹೋಗ್ತೈತೆ?"

ಅವರಿಗೆ ನಗು ಬಂತು. "ಕೆಲಸ ಇಲ್ಲದ ಮಾಂಸ ಅಲ್ಲವಾ, ಸೊರಗುತ್ತೆ. ಆಕಾರ ಸ್ವಲ್ಪ ಕುಗ್ಗಬಹುದು. ಕೆಲವರಲ್ಲಿ ಮತ್ತೆ ಹಾರೋಕೆ ಶುರು ಆಗೋದೂ ಉಂಟು. ಆತುರ ಏನಿಲ್ಲ, ಯೋಚನೆ ಮಾಡಿ. ಅಲ್ಲೀವರೆಗೆ ಭುಜದ ವ್ಯಾಯಾಮ ಬಿಡಬೇಡಿ."

"ಯೋಚನೆ ಎಲ್ಲ ಆಗೈತೆ. ದಿನ ಕೊಡ್ರಿ."

ದಿನ ಕೊಟ್ಟರು. ನಡುವೆ ಒಂದು ಸಂತೆ ಇತ್ತು. ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಕನ್ನಡಿಯ ಸೀರೆ ತೆಗೆದೆ. ರವಿಕೆ ಬಿಚ್ಚಿ ನಿಂತೆ. ನೋಡಿದೆ, ಮುಖ ಗಂಟಿಕ್ಕಿಕೊಂಡೇ ನೋಡಿದೆ. ಸಂತೆಯಲ್ಲಿ ಬೇರೆಯವರ ಎಮ್ಮೆ ನೋಡುವ ಕಣ್ಣಲ್ಲಿ. ಒಂದು ಕಡೆ ನಾನು ಹೆತ್ತ ಮಕ್ಕಳಿಗೆ ಕುಡಿಸಿದ್ದು. ಇನ್ನೊಂದು ಕಡೆ ತೊಟ್ಟಿಲ್ಲದ, ಸುತ್ತ ಹೊಲಿಗೆ ಇರುವ, ಸುಟ್ಟ ಕಲೆಯ, ಮಚ್ಚೆಯ ಬೆನ್ನು. ಸೊಂಟಕ್ಕೆ ಕೈಯಿಟ್ಟು ಮೊಳಕೈ ಒಳಗೆ ಒತ್ತಿದೆ. ಅದು ಮೇಲಕ್ಕೆ ಪಕ್ಕಕ್ಕೆ ಎಳೆದು, ನೆಗೆದು, ಮತ್ತೆ ಕೂತಿತು. ಚಳಿ ಹತ್ತಿದಂತಾಯಿತು. ಬಿಡಲಿಲ್ಲ. ಮಣಿಕಟ್ಟು ಎಳೆಯುವಾಗಲೂ ಸದ್ದಿಲ್ಲದೆ ಮೊಳಕೈ ಒತ್ತಿ ಬೇಕೆಂದೇ ಕುಣಿಸುವುದನ್ನು ಕಲಿತೆ. ಯಜಮಾನರು ಸೆರಗು ಓದುತ್ತಾರಾದರೆ ಓದಲಿ, ಬರೆಯುವವಳು ನಾನು. ದಿನವೂ ಬಾಗಿಲು ಹಾಕಿಕೊಂಡು ಅಭ್ಯಾಸ. ಹೊರಗಿನಿಂದ ಅತ್ತೆ, "ಒಳಗೆ ಯಾರ್ ಜೊತಿಗೆ ಮಾತಾಡ್ತಿಯೇ?" ಎಂದು ಕೇಳುತ್ತಿದ್ದರು. ನಾನು ಮಾತಾಡುತ್ತಿದ್ದೆನೆಂಬುದು ಆಗಲೇ ನನಗೆ ತಿಳಿಯುತ್ತಿದ್ದದ್ದು.

ಸಂತೆಯಲ್ಲಿ ಯಜಮಾನರು ಒಂದು ಎಳೇ ಎಮ್ಮೆ ತಂದಿದ್ದರು. ಎರಡನೇ ಸೂಲು, ನಾಲ್ಕೂ ಮೊಲೆ ಸಮ, ಕೆಚ್ಚಲು ಬೆಣ್ಣೆಯಂಥ ಮೆತ್ತಗೆ. ಕೆಳಗಿಂದ ಎದ್ದಾಗ ನನ್ನ ಕಣ್ಣಲ್ಲಿ ಆಸೆ ಕಂಡಿರಬೇಕು. ಟವೆಲ್ ಹಾಕಿದೆವು. ಅವರ ದೃಷ್ಟಿ ಸೀದಾ ಸೆರಗಿಗೆ. ಒಳ್ಳೆಯದಾಯಿತು ಎಂದುಕೊಂಡೆ.

ಕೈ ಕಿತ್ತೆ, ಅದನ್ನು ಕುಣಿಸಿದೆ. ಅವರು ಅಲುಗಲಿಲ್ಲ. ಇನ್ನೂ ಜೋರಾಗಿ ಕುಣಿಸಿದೆ. ಅಡಿಕೆ ಮೆಲ್ಲುವುದು ಕೂಡ ನಿಲ್ಲಲಿಲ್ಲ. ಹೆಬ್ಬೆರಳು ಅಲ್ಲೇ, ಅದೇ ಬೆಲೆಗೆ, ಗೂಟ ಹೊಡೆದಂತೆ. ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಸೋತೆ ಎಂದು ಒಳಗೇ ಒಪ್ಪಿಕೊಂಡೆ. ಎಮ್ಮೆ ಅಷ್ಟಕ್ಕೂ ಮೋಸವಿಲ್ಲ, ನಾಳೆಯಿಂದ ಮೈದುನ ಬರಲಿ, ನರ ಕಡಿಸಿಕೊಂಡು ಮನೆಯಲ್ಲಿರುತ್ತೇನೆ. ಕೈ ಸಡಿಲ ಬಿಟ್ಟೆ. ಆಯ್ತು ಎಂದು ಅವರ ಅಂಗೈ ಒತ್ತಲು ಬೆರಳು ಮಡಿಸುತ್ತಿದ್ದೆ.

ಆಗ ಅದು ಹಾರಿತು.

ನಾನು ಎಳೆದಿರಲಿಲ್ಲ. ಮೊಳಕೈ ಮೈಗೆ ತಾಗಿರಲಿಲ್ಲ. ತೋಳು ಹಸಿ ಬಟ್ಟೆಯಂತೆ ಜೋತಿತ್ತು. ಹಾಲಿಗೆ ಬಂದ ಕರು ಕೆಚ್ಚಲಿಗೆ ತಲೆಯಿಂದ ಗುದ್ದುತ್ತದಲ್ಲ, ಹಾಗೆ, ಒಳಗಿನಿಂದ ಹೊರಕ್ಕೆ ಒಂದು ಗುದ್ದು. ಬೆನ್ನಿನಲ್ಲಿ ಯಾರೋ ನನ್ನನ್ನು ಹಿಂದಕ್ಕೆ ಜಗ್ಗಿದಂತಾಗಿ ಅರ್ಧ ಹೆಜ್ಜೆ ಸರಿದೆ. ಮಡಿಚಿದ ಬೆರಳು ತೆರೆದುಕೊಂಡಿತು.

ಯಜಮಾನರ ದವಡೆ ನಿಂತಿತು. ಸೆರಗು ನೋಡಿದರು, ನನ್ನ ಮುಖ ನೋಡಿದರು. ಟವೆಲ್ಲಿನೊಳಗೆ ಅವರ ಹೆಬ್ಬೆರಳು ಎದ್ದು, ಬೆಲೆ ಒಂದು ಬೆರಳು ಕೆಳಗೆ ಇಳಿಯಿತು. ನಾನು ಕೂಡಲೇ ಅವರ ಅಂಗೈ ಒತ್ತಿದೆ.

ಹಗ್ಗ ಕೈಗೆ ಕೊಡುವಾಗ ಅವರೇ ಅಂದರು. "ಮೊದಲು ಎರಡು ಸಲ ಬೇಕಂತ ಕುಣಿಸ್ದೆ. ಸೆರಗಿಗಿಂತ ಮುಂಚೆ ನಿನ್ನ ಹುಬ್ಬು ಕುಣೀತು, ನಾನೇನು ನಿನ್ನೆ ಹುಟ್ಟಿದೋನಾ? ಕಡೇದು ಮಾತ್ರ ಸುಳ್ಳಲ್ಲ. ಅದು ಒಲ್ಲೆ ಅಂದಿದ್ದು ನಿನಗೇ ಗೊತ್ತಿರಲಿಲ್ಲ ಅನ್ನೋ ಹಂಗೆ ನಿಂತಿದ್ದೆ. ಅಂಥಾದ್ದರ ಜೊತಿಗೆ ಚೌಕಾಸಿ ಮಾಡಬಾರದವ್ವ, ಅದಕ್ಕೆ ಬಿಟ್ಟೆ."

ಮೊದಲಿನ ಬೆಲೆಗೇ ಒಪ್ಪಲು ಹೊರಟಿದ್ದೆ ಎಂಬ ನಿಜ ನಾನು ಹೇಳಲಿಲ್ಲ. ಬೆಲೆ ಇಳಿಸಿಕೊಟ್ಟವರು ಯಾರೆಂದು ವಿಚಾರಿಸುವುದು ವ್ಯಾಪಾರದ ಪದ್ಧತಿಯಲ್ಲ.

ಎಮ್ಮೆಯನ್ನು ಗಾಡಿಗೆ ಹತ್ತಿಸಿ, ಹೊಳೆ ದಂಡೆಯ ಗಾಳಿಗೆ ನಿಂತು ಆಸ್ಪತ್ರೆಗೆ ಫೋನ್ ಮಾಡಿದೆ. ನರ ಕಡಿಯುವ ಆಪರೇಷನ್ ಬೇಡ, ನನ್ನ ಹೆಸರು ಹೊಡೆದು ಹಾಕಿ ಅಂದೆ.

ಫೋನೆತ್ತಿದ ಹುಡುಗಿ, "ಯಾಕ್ರಿ ಅಮ್ಮಾ, ಮನೇಲಿ ಒಪ್ಪಲಿಲ್ಲೇನ್ರಿ?" ಎಂದು ಕೇಳಿದಳು.

"ಹೂಂ ಕಣವ್ವ," ಎಂದು ಸೆರಗಿನ ಮೇಲೆ ಅಂಗೈ ಇಟ್ಟೆ. "ಮನೇಲಿ ಒಪ್ಪಲಿಲ್ಲ."